ಅಡಗುತಾಣಕ್ಕೆ ಕುರಿ ಕಾಯುವ ಹುಡುಗ ಬಂದರೆ ಕಮಾಂಡೊ ಏನು ಮಾಡಬೇಕು?

ಪ್ರಶ್ನೆ: ನನ್ನ ಮಗ ಸೇನೆ ಸೇರಿ ನಾಲ್ಕು ವರ್ಷ ಆಯಿತು. ಈಗ ಪ್ಯಾರಾ ಸ್ಪೆಷಲ್ ಫೋರ್ಸಸ್‌ಗೆ ಹೆಸರು ಕೊಟ್ಟಿದ್ದಾನೆ. ಹೋದ ತಿಂಗಳು ರಜೆಗೆ ಬಂದಾಗ ಊಟಕ್ಕೆ ಕೂತಲ್ಲಿ ಒಂದು ಮಾತು ತೆಗೆದ. 'ಶತ್ರು ನೆಲದಲ್ಲಿ ನಾಲ್ಕು ಜನ ಅಡಗಿ ಕೂತಿರ್ತೀವಿ. ಕುರಿ ಕಾಯೋ ಹುಡುಗ ಒಬ್ಬ ಬಂದು ನೋಡಿಬಿಟ್ಟ ಅಂದ್ಕೋ. ಬಿಟ್ರೆ ಹೋಗಿ ಹೇಳ್ತಾನೆ, ನಾವು ಸಾಯ್ತೀವಿ. ನೀನಾಗಿದ್ರೆ ಏನ್ ಮಾಡ್ತಿದ್ದೆ ಅಪ್ಪಾ?' ಅಂದ. ನಮ್ಮದೂ ಕುರಿ ಸಾಕಿದ ಮನೆ. ಅವರಮ್ಮ ಅರ್ಧಕ್ಕೇ ಎದ್ದು ಹೋದಳು. ಕೊಲ್ಲೋದನ್ನು ಕಲಿಸ್ತಾರೆ, ಸರಿ. ಯಾವಾಗ ಕೊಲ್ಲಬಾರದು ಅನ್ನೋದನ್ನ ನಿಜವಾಗಿ ಕಲಿಸ್ತಾರಾ, ಇಲ್ಲ ಅದು ಕಾಗದದ ಮೇಲಿನ ಮಾತಾ? ಆ ಗಳಿಗೆಯಲ್ಲಿ ಯೋಚನೆ ಮಾಡೋಕೆ ಟೈಮ್ ಎಲ್ಲಿರುತ್ತೆ?
(ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಆ ಗಳಿಗೆಯಲ್ಲಿ ಟೈಮ್ ಇರುವುದಿಲ್ಲ, ನೀವು ಹೇಳಿದ್ದು ಸರಿ. ಗುಂಡು ಹಾರುವ ಜಾಗದಲ್ಲಿ ನಿಂತು ಧರ್ಮಾಧರ್ಮದ ಚರ್ಚೆ ಮಾಡಿದವರನ್ನು ನಾನಂತೂ ಕಂಡಿಲ್ಲ. ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದಾಗ ಲಾರಿ ಡ್ರೈವರ್ ಬ್ರೇಕ್ ತುಳಿಯುತ್ತಾನಲ್ಲ, ಅಲ್ಲಿ ಯೋಚನೆ ಎಲ್ಲಿದೆ? ಆದರೆ ಊರು ಹತ್ತಿರ ಬಂತು ಅಂತ ಅರ್ಧ ಕಿಲೋಮೀಟರ್ ಮುಂಚೆಯೇ ವೇಗ ಇಳಿಸಿದ್ದನೋ ಇಲ್ಲವೋ ಎನ್ನುವುದರ ಮೇಲೆ ಎಮ್ಮೆಯ ಹಣೆಬರಹ ನಿಂತಿರುತ್ತದೆ. ಸೈನಿಕನಿಗೆ ಕಲಿಸಬೇಕಾದದ್ದು ಆ ಅರ್ಧ ಕಿಲೋಮೀಟರನ್ನು. ಸೇನೆಯಲ್ಲಿದ್ದಾಗ ನಾನು ಹೆಚ್ಚು ದುಡಿದದ್ದು ತರಬೇತಿಯಲ್ಲೇ, ಈಗ ನಿವೃತ್ತನಾಗಿ ದಾವಣಗೆರೆಯಲ್ಲಿದ್ದೇನೆ. ತರಬೇತಿಯಲ್ಲಿ ಕಂಡದ್ದರ ಮೇಲೆ ಹೇಳುವುದಾದರೆ, ಇದನ್ನು ಕಲಿಸಲು ಬರುತ್ತದೆ, ಕಲಿಸುತ್ತಾರೆ ಕೂಡ. ಆದರೆ ಎಲ್ಲ ಕಡೆ ಒಂದೇ ಹದದಲ್ಲಿ ಕಲಿಸುವುದಿಲ್ಲ. ಜಗತ್ತಿನ ಅತ್ಯುತ್ತಮ ಪಡೆಗಳೇ ಇಲ್ಲಿ ಮುಗ್ಗರಿಸಿ ಬಿದ್ದದ್ದೂ ಉಂಟು.

ಮೊದಲು ಕುರಿ ಕಾಯುವ ಹುಡುಗನ ವಿಷಯ. ನಿಮ್ಮ ಮಗ ಕೇಳಿದ್ದು ಕಟ್ಟುಕಥೆಯಲ್ಲ. 2005ರ ಜೂನ್‌ನಲ್ಲಿ ಅಫ್ಗಾನಿಸ್ತಾನದ ಕುನಾರ್ ಪ್ರಾಂತ್ಯದ ಬೆಟ್ಟದಲ್ಲಿ ಅಮೆರಿಕ ನೌಕಾಪಡೆಯ ನಾಲ್ವರು ಕಮಾಂಡೊಗಳು ಅಡಗಿದ್ದರು. ಮೇಕೆ ಮೇಯಿಸುವವರು ಬಂದು ಅವರನ್ನು ಕಂಡರು, ಅವರ ಕೈಯಲ್ಲಿ ಆಯುಧ ಇರಲಿಲ್ಲ. ಕಮಾಂಡೊಗಳು ಬಿಟ್ಟು ಕಳಿಸಿದರು. ಸ್ವಲ್ಪ ಹೊತ್ತಿಗೆಲ್ಲ ಅವರ ಮೇಲೆ ದಾಳಿಯಾಗಿ ಮೂವರು ಸತ್ತರು. ಬಿಡಿಸಿಕೊಂಡು ಬರಲು ಹೋದ ಹೆಲಿಕಾಪ್ಟರ್‌ಗೆ ರಾಕೆಟ್ ಬಿದ್ದು ಅದರಲ್ಲಿದ್ದ 16 ಮಂದಿಯೂ ಹೋದರು. ಉಳಿದ ಒಬ್ಬನನ್ನು ತನ್ನ ಮನೆಯಲ್ಲಿಟ್ಟು ಕಾಪಾಡಿದವನು ಅದೇ ಸೀಮೆಯ ಪಶ್ತೂನ್ ಹಳ್ಳಿಗ, ಮೊಹಮ್ಮದ್ ಗುಲಾಬ್. ಬ್ಯಾರಕ್‌ಗಳಲ್ಲಿ ಈ ಕಥೆ ಓಡಾಡುವಾಗ ಕೊನೆಯ ಭಾಗ ಉದುರಿಹೋಗಿ 'ದಯೆ ತೋರಿಸಿದರು, ಸತ್ತರು' ಅನ್ನುವುದಷ್ಟೇ ಉಳಿಯುತ್ತದೆ. ಸುದ್ದಿ ಕೊಟ್ಟದ್ದು ಆ ಮೇಕೆಯವರೇ ಎಂಬುದು ಸಾಬೀತಾದ ಸಂಗತಿಯೂ ಅಲ್ಲ. ಬೆಟ್ಟಗಳ ನಡುವೆ ರೇಡಿಯೊ ಸಂಪರ್ಕ ಸರಿಯಾಗಿ ಸಿಗಲಿಲ್ಲ ಎಂಬುದು ಮಾತ್ರ ಖಚಿತ.

ಕಾನೂನು ಇಲ್ಲಿ ಗೊಂದಲಕ್ಕೆ ಎಡೆ ಕೊಟ್ಟಿಲ್ಲ. ಕೈಯಲ್ಲಿ ಆಯುಧವಿಲ್ಲದ ನಾಗರಿಕನನ್ನು ಕೊಲ್ಲುವಂತಿಲ್ಲ. 1949ರ ಜಿನೀವಾ ಒಪ್ಪಂದಗಳಿಗೆ ಭಾರತ ಸಹಿ ಹಾಕಿದೆ, 1960ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿಕೊಂಡಿದೆ. ಆ ಒಪ್ಪಂದಗಳ ರಕ್ಷಣೆಯಲ್ಲಿರುವವರನ್ನು ಬೇಕೆಂದೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಹಾಗಾಗಿ 'ಕೊಲ್ಲುವುದೋ ಬಿಡುವುದೋ' ಎಂದು ಕೇಳುವ ಉಸ್ತಾದ್ (ತರಬೇತಿ ಕೊಡುವವ) ಅರ್ಧ ಪಾಠ ಮಾತ್ರ ಮಾಡುತ್ತಿದ್ದಾನೆ. ಅಭ್ಯಾಸದಲ್ಲಿ ನಾವು ಮಾಡಿಸುತ್ತಿದ್ದುದು ಬೇರೆ. ನಾಲ್ವರನ್ನು ಗುಡ್ಡದ ಓರೆಯಲ್ಲಿ ಪೊದೆಯೊಳಗೆ ಮಲಗಿಸುತ್ತೇವೆ. ಹೊತ್ತು ನೆತ್ತಿಗೆ ಬಂದಾಗ ಹವಾಲ್ದಾರ್ ಒಬ್ಬ ಹೆಗಲಿಗೆ ಕಂಬಳಿ, ಕೈಗೆ ಕೋಲು ಹಿಡಿದು ನೇರ ಅವರ ಮೇಲೆಯೇ ನಡೆದು ಬರುತ್ತಾನೆ. ಮೊದಲ ಸಲ ಎಲ್ಲ ತಂಡಗಳೂ ಹೆಚ್ಚು ಕಡಿಮೆ ಒಂದೇ ಥರ ಕೆಡಿಸಿಕೊಳ್ಳುತ್ತವೆ: ಒಬ್ಬ ಬಂದೂಕು ಎತ್ತುತ್ತಾನೆ, ಒಬ್ಬ ಬೇಡ ಅಂತ ಕೈ ಅಡ್ಡ ಇಡುತ್ತಾನೆ, ಆಮೇಲೆ ನಾಲ್ವರೂ ಪಿಸುಮಾತಿನಲ್ಲಿ ಜಗಳ. ಅಷ್ಟರಲ್ಲಿ 'ಕುರಿಗಾಹಿ' ಓಡಿಹೋಗಿರುತ್ತಾನೆ.

ಅಲ್ಲಿಂದ ಪಾಠ ಶುರು. ಅವನನ್ನು ಹಿಡಿದಿಟ್ಟುಕೊಂಡರೆ ಎಷ್ಟು ಹೊತ್ತು? ನೀರು ಯಾರು ಕೊಡುತ್ತಾರೆ? ಹುಡುಗ ಸಣ್ಣವನಾದರೆ? ನಾಯಿ ಬೊಗಳಿದರೆ? ಕಟ್ಟಿಹಾಕಿ ಹೋಗುವುದಾದರೆ, ಕತ್ತಲಾಗುವ ಮುಂಚೆ ಯಾರಾದರೂ ಅವನನ್ನು ಕಾಣುವಂಥ ಜಾಗ ಯಾವುದು? ಬಿಟ್ಟು ಕಳಿಸಿ ನಾವು ಜಾಗ ಬದಲಿಸುವುದಾದರೆ ದಾರಿ ಯಾವುದು, ವಾಪಸ್ ಕರೆಸಿಕೊಳ್ಳಲು ರೇಡಿಯೊ ಎಲ್ಲಿ ಹಿಡಿಯುತ್ತದೆ? ಯಾವ ಹಂತದಲ್ಲಿ ಕೆಲಸವನ್ನೇ ಕೈಬಿಡಬೇಕು? ಪ್ರತಿ ಉತ್ತರಕ್ಕೂ ಬೆಲೆ ತೆರಬೇಕು, ಕೆಲವಕ್ಕೆ ಪ್ರಾಣದ ಬೆಲೆ. ಅದನ್ನು ಮುಚ್ಚಿಡಬಾರದು.

ಇನ್ನೊಂದು ಸಂಗತಿ ಪಟ್ಟಣದ ಹುಡುಗರಿಗೆ ಹೊಳೆಯುವುದೇ ಇಲ್ಲ, ನಿಮಗೆ ಹೇಳಿಕೊಡಬೇಕಿಲ್ಲ. ಹುಡುಗನನ್ನು ಕೊಂದರೆ ಕುರಿ ಏನು ಮಾಡುತ್ತವೆ? ಸಂಜೆ ಹಟ್ಟಿ ಕಡೆ ತಾವೇ ತಿರುಗುತ್ತವೆ, ಇಲ್ಲ ಚದುರಿಹೋಗುತ್ತವೆ. ಮಂದೆ ಬಂತು, ಹುಡುಗ ಬರಲಿಲ್ಲ ಎಂದರೆ ಊರಿಗೆ ಊರೇ ಪಂಜು ಹಿಡಿದು ಹುಡುಕಲು ಹೊರಡುತ್ತದೆ. ಕೊಂದವನು ತನ್ನ ಸುತ್ತ ತಾನೇ ಬಲೆ ಹೆಣೆದುಕೊಂಡಂತಾಯಿತು. ಹಾಗಾದರೆ ಮೊದಲ ತಪ್ಪು ಎಲ್ಲಾಯಿತು? ಅಡಗುವ ಜಾಗ ಆರಿಸಿದಾಗ. ನೆಲದ ಮೇಲೆ ಹಿಕ್ಕೆ ಇದೆಯಾ, ಹಳೆಯದೋ ಹಸಿಯೋ, ನೀರಿನ ಗುಂಡಿ ಎಷ್ಟು ದೂರ, ಯಾವ ಹೊತ್ತಿಗೆ ಮಂದೆ ನೀರಿಗೆ ಇಳಿಯುತ್ತದೆ, ಬಿಸಿಲೇರಿದಾಗ ಯಾವ ಮರದ ನೆರಳಿಗೆ ನಿಲ್ಲುತ್ತದೆ. ಇಷ್ಟು ನೋಡಿ ಜಾಗ ಹಿಡಿದ ತಂಡಕ್ಕೆ ಆ ಹುಡುಗನ ಮುಖ ನೋಡುವ ಪ್ರಸಂಗವೇ ಬಹುಪಾಲು ಬರುವುದಿಲ್ಲ. ನಿಮ್ಮ ಮಗನಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ. ಚಳ್ಳಕೆರೆಯ ಕಾವಲಿನಲ್ಲಿ ಬೆಳೆದವನು ಇದನ್ನು ತನ್ನ ತಂಡಕ್ಕೆ ಕಲಿಸಬಲ್ಲ. ಯುದ್ಧದ ನೀತಿಯಲ್ಲಿ ದೊಡ್ಡ ಪಾಲು ಇಂಥ ಕಸುಬಿನಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಕಸುಬು ಸಡಿಲವಾದ ತಂಡವೇ ಕೊನೆಗೆ 'ಬೇರೆ ದಾರಿ ಇರಲಿಲ್ಲ' ಎನ್ನುವುದು.

ಇನ್ನು ದಣಿವು. ದಾವಣಗೆರೆಯ ಮೈದಾನದಲ್ಲಿ ಬೆಳಗಿನ ಜಾವ ಸೇನಾ ಭರ್ತಿ ರ‍್ಯಾಲಿಗೆ ತಯಾರಾಗುವ ಹುಡುಗರು ಓಡುತ್ತಿರುತ್ತಾರೆ, 1.6 ಕಿಲೋಮೀಟರ್ ಓಟ. ವಾಕಿಂಗ್ ಹೋದಾಗ ಮಾತಿಗೆ ಸಿಗುತ್ತಾರೆ. ಇದೇ ಪ್ರಶ್ನೆಯನ್ನು ಓಡುವ ಮೊದಲು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿ, 'ಸಾರ್, ಹಿಡಿದಿಟ್ಕೋಬಹುದಲ್ವಾ?' ಎಂದು ಶುರು ಮಾಡುತ್ತಾರೆ. ಓಡಿ ಬಂದು ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಿರುವಾಗ ಕೇಳಿ: 'ಹೊಡ್ದುಬಿಡೋದು ಸಾರ್.' ಇದು ಸಂಶೋಧನೆಯಲ್ಲ, ನನ್ನ ಚಟ. ಸಂಶೋಧನೆ ಬೇಕೆಂದರೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆದು 1973ರಲ್ಲಿ ಪ್ರಕಟವಾದದ್ದೊಂದಿದೆ. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಭಾಷಣ ಮಾಡಲು ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ಕೆಲವರ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಪುಣ್ಯಾತ್ಮನ ಬೈಬಲ್ ಕಥೆ. ಹೋಗುವ ದಾರಿಯ ಬಾಗಿಲಲ್ಲಿ ಒಬ್ಬ ಕೆಮ್ಮುತ್ತಾ ಕುಸಿದು ಕೂತಿದ್ದ. ಅವಸರವಿಲ್ಲದವರಲ್ಲಿ ಶೇ. 63 ಮಂದಿ ನಿಂತು ವಿಚಾರಿಸಿದರು. 'ಆಗಲೇ ತಡವಾಗಿದೆ, ಓಡು' ಎಂದು ಅಟ್ಟಿಸಿಕೊಂಡವರಲ್ಲಿ ಶೇ. 10 ಮಾತ್ರ. ಮಾಡಬೇಕಾದ ಭಾಷಣದ ವಿಷಯ ಯಾವುದು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ನಾರ್ವೆಯ ಸೇನೆಯಲ್ಲಿ ಇನ್ನೂ ಗಾಬರಿ ಹುಟ್ಟಿಸುವ ಪರೀಕ್ಷೆ ನಡೆಯಿತು. ದಿನಗಟ್ಟಲೆ ನಿದ್ದೆಗೆಟ್ಟಿದ್ದ ಕೆಡೆಟ್‌ಗಳಿಗೆ ಬೊಂಬೆಗಳ ಮೇಲೆ ದಾಳಿ ಮಾಡಿ ಎಂದು ಹೇಳಿ, ಬೊಂಬೆಗಳ ಜಾಗದಲ್ಲಿ ಜೀವಂತ ಮನುಷ್ಯರನ್ನು ಇಟ್ಟಿದ್ದರು. ಗುಂಡು ಹಾರದಂತೆ ಮೊದಲೇ ಏರ್ಪಾಡು ಮಾಡಿದ್ದರು ಅನ್ನಿ. ಅಲ್ಲಿ ಅಲುಗಾಟ ಕಂಡರೂ ಅರ್ಧಕ್ಕಿಂತ ಹೆಚ್ಚು ಮಂದಿ ಟ್ರಿಗರ್ ಒತ್ತಿದರು. ಅವರೇನು ಕಟುಕರಲ್ಲ. ಕಣ್ಣಿಗೆ ಕಂಡದ್ದನ್ನು ನಿದ್ದೆಗೆಟ್ಟ ತಲೆ ಒಪ್ಪಲಿಲ್ಲ.

ಆದ್ದರಿಂದ ಎಸಿ ಹಾಲ್‌ನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮಾನವ ಹಕ್ಕುಗಳ ಬಗ್ಗೆ ಸ್ಲೈಡ್ ತೋರಿಸುವುದರಿಂದ ಆಗುವುದು ತೂಕಡಿಕೆ. ರಾತ್ರಿಯಿಡೀ ಭಾರ ಹೊತ್ತು ನಡೆಸಿ, ನೀರು ಮುಗಿದ ಮೇಲೆ, ಬೆಳಗಿನ ಜಾವ ಅಭ್ಯಾಸದ ಕೋಣೆಯೊಂದಕ್ಕೆ ನುಗ್ಗಿಸಬೇಕು. ಒಳಗೆ ಹೊಗೆ, ಕಿರುಚಾಟ. ಮೊದಲ ಗುರಿಹಲಗೆಯಲ್ಲಿ ರೈಫಲ್ ಹಿಡಿದವನ ಚಿತ್ರ, ಎರಡನೆಯದರಲ್ಲಿ ಮೊಬೈಲ್ ಹಿಡಿದ ಹೆಂಗಸು, ಮೂರನೆಯದರಲ್ಲಿ ಕೈ ಮೇಲೆತ್ತಿದವನು. ನಾಲ್ಕನೆಯದು ಕಷ್ಟದ್ದು: ಬಂದೂಕು ಪಕ್ಕದಲ್ಲೇ ಬಿದ್ದಿದೆ, ಅವನ ಹೊಟ್ಟೆಯಲ್ಲಿ ಗುಂಡು ಹೊಕ್ಕಿದೆ. ಎಷ್ಟೇ ಚುರುಕಾಗಿ ಮುಗಿಸಿದರೂ ಹೊಡೆಯಬಾರದ್ದಕ್ಕೆ ಒಂದು ಗುಂಡು ಬಿದ್ದರೆ ಫೇಲ್, ವಾದ ಇಲ್ಲ. ಹಾಗೆ ಅಂಕ ಕೊಟ್ಟಾಗ ಮಾತ್ರ ಕಣ್ಣು ಮೊದಲು ಮುಖದಿಂದ ಕೈಗೆ ಇಳಿಯುವುದನ್ನು ಕಲಿಯುತ್ತದೆ. ಈ ವೇಗದಲ್ಲಿ ನಿಧಾನ ಎನ್ನುವುದೂ ಒಂದು ಕೌಶಲ, ಗುರಿ ಹೊಡೆಯುವುದರಷ್ಟೇ ಬೆವರು ಕೇಳುವ ಕೌಶಲ.

ಇಷ್ಟೆಲ್ಲ ಕಲಿತವರೇ ಯಾಕೆ ಎಡವುತ್ತಾರೆ ಎಂಬುದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಆಸ್ಟ್ರೇಲಿಯಾದ ವಿಶೇಷ ಪಡೆಗಳು ಅಫ್ಗಾನಿಸ್ತಾನದಲ್ಲಿ ನಡೆಸಿದ್ದರ ಬಗ್ಗೆ 2020ರ ನವೆಂಬರ್‌ನಲ್ಲಿ ಬಂದ ಬ್ರೆರೆಟನ್ ವರದಿ ಓದಿದರೆ ಊಟ ಸೇರುವುದಿಲ್ಲ. 39 ಜನರನ್ನು ಕಾನೂನುಬಾಹಿರವಾಗಿ ಕೊಂದ ಬಗ್ಗೆ ನಂಬಲರ್ಹ ಮಾಹಿತಿ ಸಿಕ್ಕಿದೆ ಎಂದಿತು ವರದಿ. ಹೊಸದಾಗಿ ಬಂದ ಸೈನಿಕನಿಗೆ 'ಮೊದಲ ಬೇಟೆ' ಆಗಲೆಂದು ಸೆರೆ ಸಿಕ್ಕವನನ್ನು ಕೊಲ್ಲಿಸುವ ಪದ್ಧತಿ, ಆಮೇಲೆ ಹೆಣದ ಪಕ್ಕ ಇಡಲೆಂದೇ ಒಯ್ಯುತ್ತಿದ್ದ ಆಯುಧಗಳು, ಎಲ್ಲ ಅದರಲ್ಲಿದೆ. ಅವರಿಗೆ ಜಿನೀವಾ ಒಪ್ಪಂದ ಗೊತ್ತಿರಲಿಲ್ಲವೇ? ಬಾಯಿಪಾಠ ಇತ್ತು. ಕೆನಡಾದ ಪ್ಯಾರಾಶೂಟ್ ರೆಜಿಮೆಂಟಿನವರು 1993ರಲ್ಲಿ ಸೊಮಾಲಿಯಾದಲ್ಲಿ ಒಬ್ಬ ಹದಿಹರೆಯದ ಹುಡುಗನನ್ನು ಹಿಂಸಿಸಿ ಕೊಂದರು. 1995ರಲ್ಲಿ ಸರ್ಕಾರ ಆ ರೆಜಿಮೆಂಟನ್ನೇ ವಿಸರ್ಜಿಸಿತು. ಮಲಗಿದ್ದವರ ಕತ್ತು ಕೊಯ್ದ ಅಶ್ವತ್ಥಾಮನೂ ನಿಯಮ ಅರಿಯದವನಲ್ಲ, ದ್ರೋಣರ ಮಗ. ಅಪ್ಪ ಸತ್ತ ಸಂಕಟ, ಸೋಲಿನ ಸಿಟ್ಟು, ಬೇಡ ಎಂದ ಕೃಪರ ಮಾತು ಕಿವಿಗೆ ಹೋಗದ ರಾತ್ರಿ.

ಸಿಟ್ಟಿನ ಲೆಕ್ಕ ಇವತ್ತಿನ ಸೇನೆಗಳಲ್ಲೂ ಸಿಕ್ಕಿದೆ. 2006ರಲ್ಲಿ ಇರಾಕ್‌ನಲ್ಲಿದ್ದ ಅಮೆರಿಕದವರನ್ನು ಅವರದೇ ಸೇನೆಯ ಮಾನಸಿಕ ಆರೋಗ್ಯ ತಂಡ ಕೇಳಿತು. ನಾಗರಿಕರನ್ನು ಗೌರವದಿಂದ ಕಾಣಬೇಕು ಎಂದವರು ಭೂಸೇನೆಯಲ್ಲಿ ಶೇ. 47, ಮರೀನ್‌ಗಳಲ್ಲಿ ಶೇ. 38. ಸಿಟ್ಟು ಹೆಚ್ಚಿದ್ದವರು, ಹೆಚ್ಚು ಕಾದಾಟ ಕಂಡವರು ನಾಗರಿಕರ ಮೇಲೆ ಕೈಮಾಡುವ ಸಾಧ್ಯತೆ ಸುಮಾರು ಎರಡು ಪಟ್ಟು. ಆಮೇಲೆ ಅವರು ಮಾಡಿದ ಒಂದು ಕೆಲಸ ನನಗೆ ಹಿಡಿಸಿತು. ಹೊರಗಿನಿಂದ ಉಪನ್ಯಾಸಕರನ್ನು ಕರೆಸಲಿಲ್ಲ. ಪ್ರತಿ ಕಮಾಂಡರ್ ತನ್ನ ಕೈಕೆಳಗಿನವರಿಗೆ, ಅವರು ತಮ್ಮ ಕೆಳಗಿನವರಿಗೆ, ಹೀಗೆ ಸಣ್ಣ ಗುಂಪುಗಳಲ್ಲಿ ಸಿನಿಮಾ ತುಣುಕು ತೋರಿಸಿ ಮಾತಾಡಿಸಿದರು. ಯುದ್ಧಭೂಮಿಯಲ್ಲಿ ಇದ್ದುಕೊಂಡೇ ಮಾಡಿದ್ದು. ಅದಾದ ಮೇಲಿನ ಸಮೀಕ್ಷೆಯಲ್ಲಿ ದುರ್ವರ್ತನೆ ಕಡಿಮೆಯಾಗಿತ್ತು, ಜತೆಯವನ ತಪ್ಪನ್ನು ಮೇಲಕ್ಕೆ ತಿಳಿಸುತ್ತೇನೆ ಎನ್ನುವವರು ಹೆಚ್ಚಿದ್ದರು. ಕರ್ನಲ್ ಹೇಳಿದರೆ ಆದೇಶವಾಗುತ್ತದೆ. ದಿನಾ ಜತೆಯಲ್ಲಿ ಉಣ್ಣುವ ಹವಾಲ್ದಾರ್ ಹೇಳಿದರೆ ಅದು ಮನಸ್ಸಿಗೆ ಇಳಿಯುತ್ತದೆ.

ವಿಶೇಷ ಪಡೆಯ ಬಲ ಇರುವುದು ಒಬ್ಬರಿಗೊಬ್ಬರು ಪ್ರಾಣ ಕೊಡುವ ಬಾಂಧವ್ಯದಲ್ಲಿ. ಕೊಳೆಯುವುದೂ ಅಲ್ಲಿಂದಲೇ. ಬಾಗಿಲು ಮುಚ್ಚಿದ ಮನೆ. ಒಳಗಿನದು ಹೊರಗೆ ಹೋಗಬಾರದು. ಇಂಥಲ್ಲಿ 'ಬೇಡ' ಎಂದು ಹೇಳುವುದನ್ನೇ ಒಂದು ಡ್ರಿಲ್ ಆಗಿ ಕಲಿಸಬೇಕು. ಫೈರಿಂಗ್ ರೇಂಜಿನಲ್ಲಿ ಅಪಾಯ ಕಂಡರೆ ನಿನ್ನೆ ಬಂದ ಹುಡುಗ ಕೂಡ 'ಸ್ಟಾಪ್' ಎಂದು ಕೂಗಬಹುದು. ಕೂಗಿದ ಕೂಡಲೇ ಎಲ್ಲರ ಬೆರಳೂ ಟ್ರಿಗರ್ ಬಿಡಬೇಕು, ಕಾರಣ ಆಮೇಲೆ. ಅದೇ ಹಕ್ಕನ್ನು ಕಾರ್ಯಾಚರಣೆಗೂ ಒಯ್ಯಬೇಕು ಎನ್ನುವುದು ನನ್ನ ವಾದ. ನಾವು ಅಭ್ಯಾಸದ ನಡುವೆ ಬೇಕೆಂದೇ ಒಂದು ತಪ್ಪು ಹುಕುಂ ತೂರಿಸುತ್ತಿದ್ದೆವು: 'ಸೆರೆ ಸಿಕ್ಕವನನ್ನು ಹೊತ್ತುಕೊಂಡು ಹೋಗೋಕಾಗಲ್ಲ, ಮುಗಿಸು.' ಯಾರು ತಡೆಯುತ್ತಾರೆ ನೋಡುವುದು. ಮೊದಮೊದಲು ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಒಬ್ಬ 'ಸಾಬ್, ಇದಾಗಲ್ಲ' ಎಂದನೋ, ಉಳಿದವರ ಬಾಯಿಯೂ ಬಿಚ್ಚುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಿಲ್‌ಗ್ರಾಂ ಅರವತ್ತರ ದಶಕದಲ್ಲಿ ಕರೆಂಟ್ ಶಾಕ್ ಕೊಡಿಸುವ ನಾಟಕ ಹೂಡಿ ಪ್ರಯೋಗ ಮಾಡಿದಾಗಲೂ ಹೀಗೇ ಆಗಿತ್ತು. ಒಂಟಿಯಾಗಿ ಕೂತ 40 ಮಂದಿಯಲ್ಲಿ 26 ಮಂದಿ ಹೇಳಿದ ಮಾತು ಕೇಳಿ ಕೊನೆಯ ಸ್ವಿಚ್‌ವರೆಗೂ ಹೋದರು. ಪಕ್ಕದಲ್ಲಿದ್ದ ಇಬ್ಬರು ಎದ್ದು 'ನಾವು ಮಾಡಲ್ಲ' ಎಂದಾಗ 40ರಲ್ಲಿ 36 ಮಂದಿ ಕೈಬಿಟ್ಟರು.

1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್‌ನಲ್ಲಿ ಹ್ಯೂ ಥಾಂಪ್ಸನ್ ಎಂಬ ಅಮೆರಿಕದ ಪೈಲಟ್, ಊರವರನ್ನು ಕೊಲ್ಲುತ್ತಿದ್ದ ತನ್ನದೇ ಸೈನಿಕರಿಗೂ ಓಡುತ್ತಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ನಮ್ಮ ಸೈನಿಕರು ಈ ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಎಂದು ತನ್ನ ಗನ್ನರ್‌ಗಳಿಗೆ ಹೇಳಿದ. ಊರಿಗೆ ಬಂದ ಮೇಲೆ ವರ್ಷಗಟ್ಟಲೆ ಬೈಗುಳ ತಿಂದ. ಇದಕ್ಕೆ ಸೋಲ್ಜರ್ಸ್ ಮೆಡಲ್ ಸಿಕ್ಕಿದ್ದು 1998ರಲ್ಲಿ, ಮೂವತ್ತು ವರ್ಷದ ಮೇಲೆ. ಈ ಮೂವತ್ತು ವರ್ಷವನ್ನೂ ತರಗತಿಯಲ್ಲಿ ಹೇಳಬೇಕು.

ನಮ್ಮ ಸೇನೆಯ ಮಾತಿಗೆ ಬರೋಣ. 1950ರ ಸೇನಾ ಕಾಯ್ದೆ ಶಿಕ್ಷಿಸುವುದು ಕಾನೂನುಬದ್ಧ ಆಜ್ಞೆಯನ್ನು ಮೀರಿದವನನ್ನು. ಕಾನೂನುಬಾಹಿರ ಹುಕುಂ ಪಾಲಿಸಲೇಬೇಕೆಂದು ಎಲ್ಲೂ ಇಲ್ಲ. ಸೇನೆಯ 'ಮಾಡಬೇಕು, ಮಾಡಬಾರದು' ಪಟ್ಟಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕನಿಷ್ಠ ಬಲ ಬಳಸು, ಹಿಡಿದವರನ್ನು ತಡಮಾಡದೆ ಪೊಲೀಸರಿಗೆ ಒಪ್ಪಿಸು ಎಂಬುವೆಲ್ಲ ಅದರಲ್ಲಿವೆ. ಮಿಜೋರಾಂನ ವೈರೆಂಗ್ಟೆಯಲ್ಲಿ ಕಾಡಿನ ಯುದ್ಧ ಕಲಿಸುವ ಶಾಲೆ ಇದೆ. ನಮ್ಮ ಬೆಳಗಾವಿಯಲ್ಲೇ ಘಾತಕ್ ಪ್ಲಟೂನ್‌ಗಳ (ಪದಾತಿ ಬೆಟಾಲಿಯನ್ನಿನ ದಾಳಿ ತುಕಡಿಗಳ) ಕಮಾಂಡೊ ಕೋರ್ಸ್ ನಡೆಯುತ್ತದೆ. ಕಾರ್ಗಿಲ್‌ನಲ್ಲಿ ಟೈಗರ್ ಹಿಲ್ ಬಳಿ ಕೊನೆಯುಸಿರಿನವರೆಗೆ ಕಾದಾಡಿದ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್‌ನ (ಇಲ್ಲಿ ಕರ್ನಲ್ ಎಂಬುದು ಹುದ್ದೆಯಲ್ಲ, ಹೆಸರು) ಶೌರ್ಯವನ್ನು ಬರೆದು, ಆ ಚೀಟಿಯನ್ನು ಅವನ ಹೆಣದ ಜೇಬಿನಲ್ಲಿಟ್ಟು ಕಳಿಸಿದವರು ನಮ್ಮ ಬ್ರಿಗೇಡಿಯರ್ ಎಂಪಿಎಸ್ ಬಾಜ್ವಾ. ಅವನಿಗೆ ಅಲ್ಲಿಯ ಅತ್ಯುನ್ನತ ಪದಕ ಸಿಕ್ಕಿತು.

ಅದೇ ಉಸಿರಿನಲ್ಲಿ ಓಟಿಂಗ್ ಎಂಬ ಹಳ್ಳಿಯ ಹೆಸರೂ ಹೇಳಬೇಕು. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಮೋನ್ ಜಿಲ್ಲೆಯಲ್ಲಿ, ಕಲ್ಲಿದ್ದಲು ಗಣಿಯಿಂದ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದ ಕೂಲಿಗಳನ್ನು ಉಗ್ರರೆಂದು ಬಗೆದು 21 ಪ್ಯಾರಾ ಸ್ಪೆಷಲ್ ಫೋರ್ಸಸ್‌ನ ತಂಡ ಗುಂಡು ಹಾರಿಸಿತು. ಆರು ಮಂದಿ ಸತ್ತರು. ಆಮೇಲಿನ ಗಲಭೆಯಲ್ಲಿ ಇನ್ನಷ್ಟು ನಾಗರಿಕರು, ಒಬ್ಬ ಯೋಧ. ನಾಗಾಲ್ಯಾಂಡ್ ಪೊಲೀಸರ ವಿಶೇಷ ತಂಡ 30 ಮಂದಿಯ ಮೇಲೆ ಆರೋಪಪಟ್ಟಿ ಹಾಕಿತು. ಮೊಕದ್ದಮೆ ನಡೆಸಲು ಕೇಂದ್ರ ಅನುಮತಿ ಕೊಡಲಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯ ಕಲಾಪ ಮುಗಿಸಿತು. ಕಾನೂನಿನ ಸರಿತಪ್ಪು ವಕೀಲರಿಗೆ ಬಿಟ್ಟದ್ದು. ತರಬೇತಿ ಕೊಟ್ಟವನಾಗಿ ನನಗನ್ನಿಸುವುದಿಷ್ಟು: ಇಂಥದ್ದು ಆದಾಗ ಸೇನೆ ತಾನೇ ಮುಂದೆ ಬಂದು ಏನಾಯಿತೆಂದು ತನ್ನ ಹುಡುಗರ ಮುಂದೆ ಬಿಡಿಸಿ ಹೇಳದಿದ್ದರೆ, ವೈರೆಂಗ್ಟೆಯಲ್ಲಿ ವಾರಗಟ್ಟಲೆ ಕಲಿಸಿದ್ದನ್ನು ಆ ಮೌನ ಒಂದೇ ದಿನದಲ್ಲಿ ಅಳಿಸುತ್ತದೆ. ಮಾಹಿತಿ ಎಷ್ಟೇ ಪಕ್ಕಾ ಇರಲಿ, ಗುಂಡು ಹಾರುವ ಮುಂಚೆ ಗುರುತು ಹಿಡಿಯುವುದು ಕಣ್ಣಿನ ಕೆಲಸ. ಓಟಿಂಗ್‌ನ ಪಾಠ ಪ್ರತಿ ಪ್ರೊಬೇಶನರ್‌ಗೂ (ವಿಶೇಷ ಪಡೆಯ ಆಯ್ಕೆಗೆ ಪರೀಕ್ಷೆಯಲ್ಲಿರುವ ಯೋಧನಿಗೂ) ಹೆಸರು ಹಿಡಿದು ಆಗಬೇಕು.

ನಿಮ್ಮ ಕಡೆಯವರು ಒಬ್ಬರು ನನಗೆ ಹೇಳಿದ್ದುಂಟು, ಕುದಾಪುರದ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು 2017ರಿಂದ ಡ್ರೋನ್ ಹಾರಿಸುತ್ತಿದ್ದಾರೆ, ಮುಂದೆ ಮನುಷ್ಯರೇ ಬೇಕಾಗಲ್ಲ ಅಂತ. ಡ್ರೋನಿನ ಕ್ಯಾಮೆರಾ ಹುಡುಗನನ್ನು ತೋರಿಸುತ್ತದೆ. ಕೋಲೋ ಕೋವಿಯೋ ಎಂದು ತೀರ್ಮಾನಿಸಿ ಗುಂಡಿ ಒತ್ತುವವನು ದೂರದಲ್ಲಿ ಕುರ್ಚಿಯ ಮೇಲಿರುತ್ತಾನೆ, ಅಷ್ಟೇ ವ್ಯತ್ಯಾಸ.

ಇನ್ನು ಮನೆಯಲ್ಲಿ ನೀವು ಮಾಡಬಹುದಾದದ್ದು. ನಿಮ್ಮ ಮಗ ಅಂಥ ಪ್ರಶ್ನೆಯನ್ನು ಊಟದ ಮನೆಗೆ ತಂದಿದ್ದಾನೆ ಎಂದರೆ ಅದು ಅವನೊಳಗೆ ಕುದಿಯುತ್ತಿದೆ. ಅದು ಒಳ್ಳೆಯ ಲಕ್ಷಣ, ಅವನ ತಾಯಿಗೆ ಹೀಗೆಂದು ತಿಳಿಸಿ. ಮುಂದಿನ ಸಲ ಫೋನಿನಲ್ಲಿ, ಆ ಪ್ರಶ್ನೆಗೆ ಅವನ ಉಸ್ತಾದ್ ಏನೆಂದರು ಕೇಳಿ. 'ಹೊಡೆದುಬಿಡು ಎಂದು ನಕ್ಕರು' ಎಂದರೆ, ನಗದವರೊಬ್ಬರು ಅದೇ ಘಟಕದಲ್ಲಿ ಇರುತ್ತಾರೆ, ಸಾಮಾನ್ಯವಾಗಿ ವಯಸ್ಸಾದ ಸುಬೇದಾರ್ ಒಬ್ಬರು. ಅವರ ಹತ್ತಿರ ಕೂತು ಮಾತಾಡು ಎನ್ನಿ. ರಜೆಗೆ ಬಂದಾಗ ಹೋಟೆಲ್ ಕಟ್ಟೆಯ ಮೇಲೆ 'ಎಷ್ಟು ಜನರನ್ನ ಹೊಡ್ದೆ?' ಎಂದು ಕೇಳುವವರ ಬಾಯಿ ನೀವೇ ಮುಚ್ಚಿಸಬೇಕು. ಆ ಪ್ರಶ್ನೆಗೆ ಹುಡುಗರು ಸುಳ್ಳು ಲೆಕ್ಕ ಹೇಳಲು ಕಲಿಯುತ್ತಾರೆ, ಸುಳ್ಳು ಲೆಕ್ಕ ನಿಜದ ಆಸೆಯಾಗಿ ತಿರುಗಿದ್ದನ್ನೂ ಕಂಡಿದ್ದೇನೆ. ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ರೇಗುತ್ತಾನೆ, ಮಕ್ಕಳ ಹತ್ತಿರ ಹೋಗುವುದಿಲ್ಲ ಎಂಬಂಥದ್ದು ಕಂಡರೆ ಭಯದ ಕಾಯಿಲೆ ಎಂದು ತಳ್ಳಿಹಾಕಬೇಡಿ. ತಾನು ಮಾಡಿದ್ದೋ, ತಡೆಯದೆ ನೋಡಿದ್ದೋ ಮನಸ್ಸಿಗೆ ಮಾಡುವ ಗಾಯ ಬೇರೆಯೇ, ಅದಕ್ಕೂ ಸೇನಾ ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆ.

ಪ್ರೊಬೇಶನ್ 90 ದಿನದ್ದು, ಹೋದವರಲ್ಲಿ ಹೆಚ್ಚಿನವರು ಹಳೆಯ ಘಟಕಕ್ಕೆ ವಾಪಸ್ ಬರುತ್ತಾರೆ. ಅವನೂ ಬಂದರೆ ಕಾರಣ ಕೇಳಲು ಹೋಗಬೇಡಿ. ಕಾಲು ಸೋತು ಬಂದನೋ, 'ಇದಾಗಲ್ಲ' ಎಂದು ಹೇಳಿ ಬಂದನೋ, ತಾನಾಗಿ ಹೇಳಿದಾಗ ಕೇಳಿದರೆ ಸಾಕು.